ಮುಸಿಯ ಕೇಳಿದ ಪ್ರಶ್ನೆ

ಹೊಳೆಯ ಈ ದಡದ ಮೃಗಗಳಿಗೂ ಆ ದಡದ ಮೃಗಗಳಿಗೂ ವರ್ಷಕ್ಕೊಮ್ಮೆ ಚೆಂಡಾಟ. ಚೆಂಡು ಎಸೆಯುವವನೊಬ್ಬ, ಹಿಡಿದು ಓಡುವುದು ಜಿಂಕೆ. ಎಸೆಯುವವನನ್ನು ಉರುಳಿಸಲು ಎದುರಾಳಿ ಹಂದಿಗಳು ನುಗ್ಗುತ್ತಿದ್ದವು. ಸೋತು ಸೋತು ಬೇಸತ್ತ ಈ ದಡದವರು ಸಭೆ ಸೇರಿ, ಚೆಂಡು ಎಸೆಯಲು ಕಪ್ಪು ಮೋರೆಯ ಕೋತಿಯಾದ ಒಂದು ಎಳೆಯ ಮುಸಿಯನನ್ನು ಕರೆಸಿದರು.

ಮುಸಿಯ ಎಸೆದ ಚೆಂಡು ಹೊಳೆ ದಾಟಿ ಮರದ ಪೊಟರೆಯೊಳಗೆ ಬಿತ್ತು. ಆದರೂ ಸಭೆಗೆ ಧೈರ್ಯ ಸಾಲದು.

"ಕೈಯೇನೋ ಸರಿ, ಮೈಯಲ್ಲಿ ಕಸುವೆಲ್ಲಿದೆ?" ಎಂದಿತು ಕರಡಿ.

"ಹಿಂದೆ ತಂದ ಎಳೆಯರೆಲ್ಲ ಮೂಳೆ ಮುರಿದುಕೊಂಡು ಹೋದರು. ನೀನು ತಾಳುವೆಯೆಂದು ನಂಬುವುದು ಹೇಗೆ?" ಎಂದಿತು ನಾಯಕ ಕಾಡುಕೋಣ.

ಅಷ್ಟು ಹೊತ್ತು ತಲೆತಗ್ಗಿಸಿದ್ದ ಮುಸಿಯನಿಗೆ ರೇಗಿತು.

"ನಾಯಕರೇ, ಅವರ ಮೂಳೆ ಮುರಿಯುವಾಗ ತಾವೆಲ್ಲಿದ್ದಿರಿ?"

"ನಾನೇ? ಚೆಂಡಿನ ಹಿಂದೆ ಓಡುತ್ತಿದ್ದೆ."

"ಕರಡಿಯಣ್ಣ, ನೀವು?"

"ನಾನೂ ಅಷ್ಟೇ."

"ಹಾಗಾದರೆ ಪರೀಕ್ಷೆ ನಡೆಯಬೇಕಾದದ್ದು ನನ್ನದಲ್ಲ. ಹಂದಿಗಳು ನುಗ್ಗಿದಾಗ ನನ್ನ ಮುಂದೆ ಯಾರು ನಿಲ್ಲುತ್ತೀರಿ, ಮೊದಲು ಅದನ್ನು ಹೇಳಿ. ಯಾರೂ ಇಲ್ಲವೆಂದರೆ ಈ ತಂಡ ನನಗೇ ಬೇಡ!"

ಕೋಣ ಮೂಗರಳಿಸಿ ಬುಸುಗುಟ್ಟಿತು. ಮುಸಿಯ ನಿಂತಲ್ಲಿಂದ ಕದಲಲಿಲ್ಲ, ಇಟ್ಟ ದೃಷ್ಟಿಯನ್ನು ತೆಗೆಯಲಿಲ್ಲ. ಕೊನೆಗೆ ಕಣ್ಣು ತಗ್ಗಿಸಿದ್ದು ಕೋಣವೇ.

"ನಾನು ನಿಲ್ಲುತ್ತೇನೆ," ಎಂದಿತು.

ಆಟದ ದಿನ ಹಂದಿಗಳು ಬಂದು ಕೋಣದ ಪಕ್ಕೆಗೆ ಗುದ್ದಿದವು. ಕೋಣ ಬಂಡೆಯಂತೆ ನಿಂತಿತು. ಅದರ ಬೆನ್ನ ಹಿಂದೆ ಮುಸಿಯ ನಿಧಾನವಾಗಿ ಗುರಿ ಹಿಡಿಯಿತು; ಚೆಂಡು ಎಲ್ಲರ ತಲೆಯ ಮೇಲಿಂದ ಹಾರಿ, ಓಡುತ್ತಿದ್ದ ಜಿಂಕೆಯ ಕೊಂಬುಗಳ ನಡುವೆ ಹೋಗಿ ಕೂತಿತು.