ಬುಟ್ಟೀಲಿ ಉಳಿದ ಕಡಲೆಕಾಯಿ

ಹೊಂಗೆಮರದ ಪ್ರಾಣಿಗಳೆಲ್ಲ ಸೇರಿ ಇಂಟರ್ನೆಟ್ಟಲ್ಲಿ ಒಂದು ಕಥಾಪತ್ರಿಕೆ ನಡೆಸ್ತಿದ್ರು ಕಣ್ರೀ! ವರ್ಷದ ಒಳ್ಳೇ ಕಥೆಗಳನ್ನ ಆರಿಸೋ ದಿನ ಬಂತು, ಕೊನೇಗೆ ಒಂದೇ ಒಂದು ಜಾಗ ಉಳೀತು, ಸಂಪಾದಕರಾದ ಹೆಗ್ಗಣನಿಗೂ ಅಳಿಲಿಗೂ ಜಗಳ ಹತ್ಕೊಳ್ತು.

"ನವಿಲು ಬರೆದ ಕಥೆಗೆ ಒಂಬೈನೂರು ಲೈಕು! ನಿನ್ನ ಬಸವನಹುಳುವಿನ ಕಥೆ ಓದಿರೋದು ಏಳೇ ಜನ. ಇನ್ನೇನು ಮಾತು?" ಅಂದ ಹೆಗ್ಗಣ.

"ನೀನು ಓದಿದ್ಯಾ ಅಣ್ಣ?"

"ಲೈಕು ಎಣಿಸೋಕೇ ಪುರುಸೊತ್ತಿಲ್ಲ, ಓದೋದೆಲ್ಲಿ ಬಂತು?"

ಅಳಿಲಿಗೆ ಹಳೇ ದಿನಗಳು ನೆನಪಾದ್ವು. ಪತ್ರಿಕೆಯನ್ನ ಇನ್ನೂ ಎಲೆ ಮೇಲೆ ಬರೀತಿದ್ದ ಕಾಲದಲ್ಲಿ ಅವಳಜ್ಜಿ ಇದೇ ಮರದ ಕೆಳಗೆ ಎಲ್ಲರನ್ನೂ ಕೂರಿಸ್ಕೊಂಡು, ನಡುವೆ ಒಂದು ಬುಟ್ಟಿ ಹುರಿದ ಕಡಲೆಕಾಯಿ ಇಟ್ಟು, ಕಥೆ ಓದ್ತಿದ್ಲು. ಯಾವ ಕಥೆ ಮುಗಿದಾಗ ಬುಟ್ಟೀಲಿ ಜಾಸ್ತಿ ಕಡಲೆಕಾಯಿ ಉಳಿದಿರುತ್ತೋ ಅದೇ ಗೆದ್ದ ಕಥೆ! ಆ ಘಮ, ಅಜ್ಜಿಯ ಆ ದನಿ, ಅಯ್ಯೋ, ಎಷ್ಟು ಚೆನ್ನಾಗಿತ್ತು!

"ಇವತ್ತೊಂದು ದಿನ ಹಾಗೇ ಮಾಡೋಣ ಅಣ್ಣ," ಅಂತ ಅಳಿಲು ಓಡಿಹೋಗಿ ಬುಟ್ಟಿ ತಂದಿಟ್ಲು.

ಮೊದಲು ನವಿಲಿನ ಕಥೆ ಓದಿದ್ಲು. ಅರ್ಧಕ್ಕೇ ಹೆಗ್ಗಣ ಬುಟ್ಟಿಯ ತಳ ಕೆರೀತಿದ್ದ. ಮತ್ತೆ ಬುಟ್ಟಿ ತುಂಬಿಸಿ ಬಸವನಹುಳುವಿನ ಕಥೆ ಶುರು ಮಾಡಿದ್ಲು. ಹೆಗ್ಗಣ ಒಂದು ಕಡಲೆಕಾಯಿ ತಗೊಂಡ, ಬಾಯಿ ಹತ್ರ ತಂದ, ಅಷ್ಟೇ! ಕಥೆ ಮುಗಿದ್ರೂ ಅದು ಕೈಯಲ್ಲೇ ಇತ್ತು!

"ತಿನ್ನೋ ಅಣ್ಣ," ಅಂದ್ಲು ಅಳಿಲು.

"ತಡಿಯೇ," ಅಂತ ಹೆಗ್ಗಣ ಕಣ್ಣೊರೆಸ್ಕೊಂಡ. "ಈ ಕಥೇನೇ ಹಾಕು. ನಿಮ್ಮಜ್ಜಿ ಹೋದ್ಮೇಲೆ ನನ್ನ ಕೈಯಲ್ಲಿ ಕಡಲೆಕಾಯಿ ಉಳಿದಿದ್ದು ಇವತ್ತೇ."