ಬಿರುಕು ಬಿಟ್ಟ ಸಾಣೆಕಲ್ಲು

ನನ್ನ ತವರಿನ ಪೇಟೆಯಲ್ಲಿ ಸಾಹುಕಾರ ಶಾಂತವೀರಪ್ಪನವರ ಕುಡುಗೋಲಿನ ಕಾರ್ಖಾನೆ ಇತ್ತು. ಅಲ್ಲಿನ ಸಾಣೆ ಯಂತ್ರ ಅವರ ಅಜ್ಜನ ಕಾಲದ್ದು. ಅದರ ಕಲ್ಲು ಸವೆದು ಬಿರುಕು ಬಿಟ್ಟಿತ್ತು.

“ತಿರುಗುವಾಗ ಸಿಡಿದರೆ ನನ್ನ ಜೀವ ಹೋಗುತ್ತದೆ ಸಾವ್ಕಾರ್ರೆ, ಹೊಸ ಕಲ್ಲು ಹಾಕಿಸಿ,” ಎಂದ ಸಾಣೆ ಹಿಡಿಯುವವನು.

“ನಮ್ಮಜ್ಜ ಕೂರಿಸಿದ ಕಲ್ಲಯ್ಯ ಅದು! ನಮ್ಮ ಪಾಲಿಗೆ ದೇವರು. ಭಯವಿದ್ದರೆ ಕೆಲಸ ಬಿಡು.”

ಆಯುಧಪೂಜೆ ಬಂತು. ಬೀಗರು, ನೆಂಟರು ಸೇರಿದರು. ಸಾಣೆಯವನು ಯಂತ್ರ ತೊಳೆದು, ಮೋಟಾರಿಗೆ, ಬೆಲ್ಟಿಗೆ ಕುಂಕುಮ ಹಚ್ಚಿ ಹೂವಿಟ್ಟ. ಕಲ್ಲನ್ನು ಮಾತ್ರ ಬಿಟ್ಟ.

“ಕಲ್ಲಿಗೆ ಯಾಕೋ ಹಚ್ಚಲಿಲ್ಲ?” ಸಾಹುಕಾರರು ಗದರಿದರು.

ಅವನು ಕೈಮುಗಿದ. “ದೇವರು ಅಂದವರು ನೀವೇ. ಬಿರುಕು ಬಿಟ್ಟು ಭಿನ್ನವಾದ ದೇವರಿಗೆ ಪೂಜೆ ಮಾಡಿದರೆ ಮನೆಗೆ ಕೇಡು ಅನ್ನುತ್ತಾರೆ. ನಿಮ್ಮ ಮನೆಗೆ ಕೇಡು ತರುವ ಕೆಲಸ ನನ್ನ ಕೈಯಿಂದ ಆಗದು.”

ಸಾಹುಕಾರರ ತಾಯಿ ಎದ್ದು ಬಂದು ಬಿರುಕನ್ನು ನೋಡಿದರು.

“ಇದನ್ನು ಇಟ್ಟುಕೊಂಡು ಕೂತಿದ್ದೀಯೇನೋ ಶಾಂತಾ? ಮೊದಲು ಹೊಳೆಗೆ ಬಿಟ್ಟು ಬಾ.”

ರೇಷ್ಮೆ ಪಂಚೆಯಲ್ಲೇ ಸಾಹುಕಾರರು ಕಲ್ಲು ಹೊತ್ತು ಹೊಳೆಗೆ ನಡೆದರು. ಪೂಜೆ ಅಂದೇ ತರಿಸಿ ಕೂರಿಸಿದ ಹೊಸ ಕಲ್ಲಿಗೆ ಆಯಿತು.

ಮರುವರ್ಷ ಮಹಾನವಮಿ ಹತ್ತಿರವಾದಾಗ ಸಾಹುಕಾರರೇ ಸಾಣೆಯವನ ಬಳಿ ಬಂದು ಮೆಲ್ಲಗೆ ಕೇಳಿದರು: “ಎಲ್ಲೂ ಏನೂ ಭಿನ್ನವಾಗಿಲ್ಲ ತಾನೇ?”

“ಬೆಲ್ಟು ಸ್ವಲ್ಪ ಎಳೆ ಬಿಟ್ಟಿದೆ ಸಾವ್ಕಾರ್ರೆ.”

ಸಂಜೆಯೊಳಗೆ ಹೊಸ ಬೆಲ್ಟು ಬಂತು.