ಹೆದರಿದವರನ್ನು ಹೊತ್ತು ತಂದ ಬಕ್ಕೇಶ

ನೀವು ಹೂಂ ಅನ್ನುತ್ತಾ ಇರಿ, ನಾನು ಹೇಳುತ್ತಾ ಹೋಗುತ್ತೇನೆ. ಕಲ್ಲುಬೆಟ್ಟದ ಬುಡದಲ್ಲಿ ಒಂದು ಊರು. ಆ ಊರಲ್ಲಿ ಹಾಲಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬ ಮಗ, ಬಕ್ಕೇಶ. ಮೂವತ್ತು ವರ್ಷ, ಕಂಬದಂಥ ಮೈ, ಬುದ್ಧಿ ಮಾತ್ರ ಇಲ್ಲ. ಇಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವಷ್ಟು ಇತ್ತು. ತೊಂದರೆ ಬಂದದ್ದೇ ಅದರಿಂದ.

ಹಾಲಮ್ಮನದು ಫೋಟೋ ಸ್ಟುಡಿಯೊ. ಮದುವೆ ಹೆಣ್ಣನ್ನು ಬೆಟ್ಟ, ಹೊಳೆ, ಹೊಲದಲ್ಲಿ ನಿಲ್ಲಿಸಿ ಫೋಟೋ ತೆಗೆಸುವುದು ಈಗಿನ ರೂಢಿಯಲ್ಲವೇ? ಹಾಲಮ್ಮನಿಗೆ ಮಂಡಿನೋವು, ಬೆಟ್ಟ ಹತ್ತಲಾರಳು. ಅದಕ್ಕೇ ಮಗನನ್ನು ಕಳಿಸಬೇಕಾಯಿತು. ಈ ಸಲದ ಹೆಣ್ಣಿನ ಹೆಸರು ನೇತ್ರಾವತಿ. ತಾಯಿಯಿಲ್ಲದ ಹುಡುಗಿ, ಸೋದರಮಾವ ಓಂಕಾರಪ್ಪ ಸಾಕಿದ್ದ.

"ಹಾಲಮ್ಮ, ಭಾನುವಾರ ಹತ್ತು ಗಂಟೆಗೆ ಧಾರೆ. ಅಷ್ಟೊತ್ತಿಗೆ ನನ್ನ ಹುಡುಗಿ ಹಸೆಮಣೆ ಮೇಲೆ ಜೀವಂತ ಇರಬೇಕು. ನಿನ್ನ ಫೋಟೋ ಏನಿದ್ದರೂ ಆಮೇಲಿನ ಮಾತು!" ಅಂದ ಓಂಕಾರಪ್ಪ.

ಶುಕ್ರವಾರ ಬೆಟ್ಟ. "ಮಗಾ, ಹೆಣ್ಣಿನ ಹಿಂದೆ ಏನೂ ಅಡ್ಡ ಇರಬಾರದು. ಇದ್ದರೆ ತೆಗೆದುಬಿಡು."

"ತೆಗೀತೀನಮ್ಮ!"

ತುದಿಯ ಬಂಡೆ ಮೇಲೆ ನೇತ್ರಾವತಿ ನಿಂತಳು. ಅವಳ ಹಿಂದೆ ಪ್ರಪಾತ. ಯಾರೂ ಬೀಳದಿರಲಿ ಅಂತ ಅಲ್ಲೊಂದು ಹಗ್ಗ ಕಟ್ಟಿದ್ದರು. ಅಡ್ಡ! ಬಕ್ಕೇಶ ಹಗ್ಗ ತೆಗೆದ. ಸೋದರಮಾವ ಹಿಂದೆ ಕೂತು ಅವಳ ಸೆರಗನ್ನು ಬಿಗಿಯಾಗಿ ಹಿಡಿದಿದ್ದ. ಅದೂ ಅಡ್ಡ! ಮಾವನನ್ನೂ ಎತ್ತಿ ಈಚೆಗಿಟ್ಟ. "ಇನ್ನೊಂದು ಹೆಜ್ಜೆ ಹಿಂದಕ್ಕಮ್ಮ!"

ಹುಡುಗಿಯ ಹಿಮ್ಮಡಿ ಜಾರಿತು. ಕಾಲಡಿಯ ಕಲ್ಲು ಕೆಳಗೆ ಹೋಯಿತು. ಅದು ಬಿದ್ದ ಸದ್ದು ಎಷ್ಟೋ ಹೊತ್ತಾದ ಮೇಲೆ ಕೇಳಿಸಿತು. ಅಂದರೆ ಅಷ್ಟು ಆಳ. ಓಂಕಾರಪ್ಪ ಹಾರಿ ಕೈ ಹಿಡಿದದ್ದಕ್ಕೆ ಉಳಿದಳು.

"ಅಯ್ಯೋ ಮುಠ್ಠಾಳ!" ಮನೆಯಲ್ಲಿ ಸುದ್ದಿ ಕೇಳಿ ಹಾಲಮ್ಮ ಬಾಯಿ ಬಡಿದುಕೊಂಡಳು. "ಹಗ್ಗ ತೆಗೀತಾರೇನೋ? ನಾಳೆ ಏನನ್ನೂ ತೆಗೀಬೇಡ! ಇದ್ದದ್ದು ಇದ್ದ ಹಾಗೇ ಇರಲಿ!"

"ತೆಗೆಯಲ್ಲಮ್ಮ!"

ಇಷ್ಟಾದರೂ ಮತ್ತೆ ಯಾಕೆ ಹೋದರು ಅನ್ನುತ್ತೀರಾ? ನೇತ್ರಾವತಿಯೇ ಹಟ ಹಿಡಿದಳು. "ಒಂದಾದರೂ ಚೆಂದದ ಫೋಟೋ ಬೇಕು, ಮಾವಾ!"

ಶನಿವಾರ ಹೊಳೆ. ಹುಡುಗಿ ದಡದ ಬಂಡೆ ಮೇಲೆ ಕಾಲು ಚಾಚಿ ಕೂತಳು. ಬಂಡೆಯ ಸಂದಿನಿಂದ ಹಾವು ಹೊರಗೆ ಬಂತು. ನಾಗರಹಾವು. ಹೆಡೆ ಇತ್ತು, ಅದಕ್ಕೇ ನಾಗರಹಾವು ಅಂದೆ.

"ಬಕ್ಕೇಶಾ, ನಿನ್ನ ಕಾಲ ಹತ್ರ ಕೋಲಿದೆ, ತೆಗಿಯೋ!" ಓಂಕಾರಪ್ಪ ಪಿಸುಗುಟ್ಟಿದ.

"ಏನನ್ನೂ ತೆಗೀಬಾರದಂತೆ."

ಹಾವು ಹುಡುಗಿಯ ಪಾದದ ಮೇಲೆ ಹತ್ತಿತು. ತಣ್ಣಗೆ, ನಿಧಾನವಾಗಿ ಹರಿಯಿತು. ನೇತ್ರಾವತಿ ಉಸಿರು ಬಿಡಲಿಲ್ಲ, ರೆಪ್ಪೆ ಹೊಡೆಯಲಿಲ್ಲ. ಬಾಲದ ತುದಿ ದಾಟಿದ ಮೇಲೆ ಅವಳು ಕೇಳಿದ್ದು ಒಂದೇ: "ಫೋಟೋ ಆದರೂ ತೆಗೆದೆಯೇನಣ್ಣ?"

"ಅದನ್ನೂ ತೆಗೀಬಾರದಲ್ಲವಾ ತಂಗೀ!"

ಮನೆಯಲ್ಲಿ ಇದನ್ನು ಕೇಳಿ ಹಾಲಮ್ಮ ಹಣೆ ಚಚ್ಚಿಕೊಂಡಳು. "ಕೇಳು, ಮಗನೇ. ಫೋಟೋ ತೆಗಿ. ಆದರೆ ಯಾರಾದರೂ ಹೆದರಿ ನಡುಗಿದ್ದು ಕಂಡರೆ, ಅವರನ್ನ ಹೊತ್ತುಕೊಂಡು ಮನೆಗೆ ಓಡಿ ಬಂದುಬಿಡು. ಯಾರು ಎಷ್ಟೇ ಕೂಗಿದರೂ ನಿಲ್ಲಬೇಡ!"

"ನಿಲ್ಲಲ್ಲಮ್ಮ!"

ಭಾನುವಾರ ಬೆಳಿಗ್ಗೆ ಸೂರ್ಯಕಾಂತಿ ಹೊಲ. ಹೆಣ್ಣಿನ ಪಕ್ಕದಲ್ಲಿ ಗಂಡು ತಿಪ್ಪೇಶ, ತಲೆಗೆ ಬಾಸಿಂಗ. ಬಕ್ಕೇಶ ಫೋಟೋ ತೆಗೆದ. ನಿಜವಾಗಿಯೂ ತೆಗೆದ. ಅಷ್ಟರಲ್ಲಿ ಗುಂಯ್ ಅಂತ ಹೆಜ್ಜೇನು ಎದ್ದಿತು.

"ಅಲ್ಲಾಡಬೇಡಿ," ಅಂದಳು ನೇತ್ರಾವತಿ. ಪ್ರಪಾತ, ಹಾವು ಎರಡನ್ನೂ ನೋಡಿದವಳಲ್ಲವೇ, ಅವಳು ನಡುಗಲಿಲ್ಲ. ನಡುಗಿದವನು ತಿಪ್ಪೇಶ. ಬಕ್ಕೇಶ ನೋಡಿದ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡ, ಮದುಮಗನನ್ನು ಹೆಗಲಿಗೆ ಹಾಕಿಕೊಂಡ, ಓಡಿದ!

"ನಿಲ್ಲೋ! ಗಂಡು ಕಣೋ ಅದು! ಮುಹೂರ್ತ ಕಣೋ!" ಹಿಂದೆ ಓಂಕಾರಪ್ಪ, ಅವನ ಹಿಂದೆ ಹೊಲದಂಚಲ್ಲಿ ಕಾಯುತ್ತಿದ್ದ ಇಡೀ ದಿಬ್ಬಣ. ಬಕ್ಕೇಶ ನಿಲ್ಲಲಿಲ್ಲ. ಮನೆಗೆ ಬಂದು ಚಿಲಕ ಹಾಕಿದ.

ಹಾಲಮ್ಮ ನೋಡಿದಳು. ಬಾಸಿಂಗ ಒಂದು ಕಡೆ, ಮದುಮಗ ಒಂದು ಕಡೆ. "ಒಂಬತ್ತೂವರೆ! ಏನೋ ಮಾಡಿದೆ, ಪಾಪಿ!"

ಹೊರಗೆ ಬಾಗಿಲು ಧಡಧಡ. "ಬಾಗಿಲು ತೆಗೀರಿ! ಮುರಿದು ಒಳಗೆ ಬರ್ತೀವಿ!" ಕಿಟಕಿಯಲ್ಲಿ ಕೋಲುಗಳು ಕಂಡವು. ಹಾಲಮ್ಮ ಗಡಗಡ ನಡುಗಿದಳು. "ಕೊಂದೇಬಿಡ್ತಾರೆ ಕಣೋ..."

ಬಕ್ಕೇಶ ನೋಡಿದ. ಅಮ್ಮ ನಡುಗುತ್ತಿದ್ದಾಳೆ! ಹೆದರಿದವರನ್ನು ಹೊತ್ತು ಮನೆಗೆ ತರಬೇಕು. ಆದರೆ ಅಮ್ಮ ಮನೆಯಲ್ಲೇ ಇದ್ದಾಳಲ್ಲ? ಮನೆಯಲ್ಲಿದ್ದವಳನ್ನು ಮನೆಗೆ ತರುವುದು ಹೇಗೆ? ಮೊದಲು ದೂರ ಒಯ್ಯಬೇಕು, ಆಮೇಲೆ ತರಬೇಕು! ಅಮ್ಮನನ್ನು ಹೆಗಲಿಗೆ ಹಾಕಿಕೊಂಡ, ಚಿಲಕ ತೆಗೆದ, ಜನರ ನಡುವೆ ನುಗ್ಗಿ ಬೆಟ್ಟದ ಕಡೆ ಓಡಿದ.

ಬಾಗಿಲು ತೆರೆಯಿತು ನೋಡಿ, ನೇತ್ರಾವತಿ ಒಳಗೆ ಹೋಗಿ ಗಂಡಿನ ಕೈ ಹಿಡಿದು ಎಳೆದುಕೊಂಡು ಬಂದಳು. ಹತ್ತಕ್ಕೆ ಐದು ನಿಮಿಷ ಇರುವಾಗ ಇಬ್ಬರೂ ಹಸೆಮಣೆ ಮೇಲಿದ್ದರು. ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು, ಎಲ್ಲ ಸುಸೂತ್ರವಾಯಿತು.

ಅತ್ತ ಬೆಟ್ಟದ ಅರ್ಧದಲ್ಲಿ ಹಾಲಮ್ಮ ಮಗನ ಬೆನ್ನಿಗೆ ಗುದ್ದುತ್ತಿದ್ದಳು. "ನಿಲ್ಲೋ! ಇಳಿಸೋ! ನಾನು ಕಣೋ, ನಿನ್ನಮ್ಮ ಕೂಗ್ತಿರೋದು!"

"ಯಾರು ಎಷ್ಟೇ ಕೂಗಿದರೂ ನಿಲ್ಲಬೇಡ ಅಂದಿದ್ದೀಯಲ್ಲಮ್ಮ!" ಅಂದ ಬಕ್ಕೇಶ, ಇನ್ನೂ ಜೋರಾಗಿ ಓಡಿದ.